ಬಾಡಿಗೆ ಮನೆಯ ಬಾಗಿಲಲ್ಲಿ ಮಾಲೀಕ

ಬೀಗ ರಿಪೇರಿಯವನು ಆ ದಿನ ಊಟದ ತಟ್ಟೆಯ ಮುಂದೆ ಕೂತು ಘೋಷಿಸಿಯೇಬಿಟ್ಟ: ಇನ್ನು ಮೇಲೆ ತಾನು ದುಡಿಯುವುದಿಲ್ಲ, ತನ್ನ ಪರವಾಗಿ ಮನೆ ದುಡಿಯುತ್ತದೆ. ಬ್ಯಾಂಕಿನ ಸಾಲದಲ್ಲಿ ಇನ್ನೊಂದು ಮನೆ ಕೊಳ್ಳುವುದು, ಅದನ್ನು ಬಾಡಿಗೆಗೆ ಕೊಡುವುದು, ಆ ಬಾಡಿಗೆಯಲ್ಲೇ ಸಾಲದ ಕಂತು ಕಟ್ಟುವುದು. ಇಷ್ಟು ಸರಳವಾದ ಸಂಗತಿ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಅವನಿಗೆ ಲೋಕದ ಮೇಲೇ ಕನಿಕರ ಬಂತು.

"ಬಾಡಿಗೆಗೆ ಯಾರೂ ಬರದೇ ಹೋದ್ರೆ?" ಎಂದಳು ಹೆಂಡತಿ.

"ಬರದೇ ಎಲ್ಲಿಗೆ ಹೋಗ್ತಾರೆ? ನನ್ನ ಬೀಗ ಹಾಕಿರೋ ಮನೆ ಅಂದ್ರೆ ಕ್ಯೂ ನಿಲ್ತಾರೆ."

ಊರವರೆಲ್ಲ ಅವನನ್ನು "ಬೀಗರೇ" ಎಂದೇ ಕರೆಯುತ್ತಿದ್ದರು. ಹೆಣ್ಣು ಕೊಡದೆ, ತರದೆ ಊರಿಗೆಲ್ಲ ಬೀಗನಾದವನು ಬೀಗದೆ ಇರುವುದುಂಟೇ!

ಉಳಿತಾಯವನ್ನೆಲ್ಲ ಬಳಿದು, ಮನೆ ಮಾರುವವನಿಗೆ ಮುಂಗಡ ಕೊಟ್ಟಿದ್ದೂ ಆಯಿತು. ಆಮೇಲೆ ಬ್ಯಾಂಕಿನ ಮೇಡಂ ಬಾಯಿ ಬಿಟ್ಟರು. "ಇದು ನೀವಿರೋ ಮನೆಗೆ ಕೊಡೋ ಸಾಲ ಅಲ್ಲ. ಬಾಡಿಗೆದಾರರ ಸಹಿ ಇರೋ ಕರಾರು ಬೇಕು. ಶನಿವಾರ ನಮ್ಮ ಸರ್ವೇಯರ್ ಬರ್ತಾರೆ. ಅವತ್ತು ಆಗ್ಲಿಲ್ಲ ಅಂದ್ರೆ ಸಾಲ ಇಲ್ಲ." ಸಾಲ ಇಲ್ಲವೆಂದರೆ ಮುಂಗಡಕ್ಕೂ ಎಳ್ಳುನೀರು.

ಅವನಿಗೆ ಮೈಯೆಲ್ಲ ಉರಿದುಹೋಯಿತು. "ಸಾಲ ತೀರಿಸೋನು ನಾನು. ನನ್ನ ಮುಖ ನೋಡಿ ಕೊಡಲ್ವಂತೆ, ಯಾರೋ ದಾರಿಹೋಕನ ಸಹಿ ನೋಡಿ ಕೊಡ್ತಾರಂತೆ. ಇದೊಂದು ನ್ಯಾಯವಾ?"

"ನಿಮ್ಮ ಮುಖ ನೋಡಿ ನಮ್ಮಪ್ಪ ಹೆಣ್ಣು ಕೊಟ್ಟಿಲ್ವಾ, ಸಾಕು ಬಿಡಿ," ಎಂದಳು ಹೆಂಡತಿ. ಬಾಡಿಗೆದಾರರನ್ನು ಹುಡುಕಿ ತಂದವಳೂ ಅವಳೇ. ಶಾಲೆಯಲ್ಲಿ ಸಂಗೀತ ಕಲಿಸುವ ಟೀಚರು, ಒಬ್ಬರೇ ಇರುವವರು, ತಂಟೆ ತಕರಾರಿಲ್ಲದವರು.

ಅವರನ್ನು ಬೆರಗುಗೊಳಿಸಲೆಂದು ಅವನು ಮಾರುವವನ ಒಪ್ಪಿಗೆ ಪಡೆದು, ಶುಕ್ರವಾರವಿಡೀ ಆ ಮನೆಯ ಬಾಗಿಲಿನ ಮುಂದೆ ಕೂತು, ತಾನೇ ತಯಾರಿಸಿದ ಬೀಗ ಜೋಡಿಸಿದ. ಬಾಗಿಲು ಮುಚ್ಚಿದರೆ ಸಾಕು, ಮೂರು ಉಕ್ಕಿನ ನಾಲಿಗೆಗಳು ಚೌಕಟ್ಟಿನೊಳಗೆ ನುಗ್ಗುತ್ತವೆ. ಶನಿವಾರ ಸರ್ವೇಯರನ್ನೂ ಟೀಚರನ್ನೂ ಹೆಂಡತಿಯನ್ನೂ ಹೊರಗಿನ ಓಣಿಯಲ್ಲಿ ನಿಲ್ಲಿಸಿ, "ನೋಡಿ ಈಗ, ಇದನ್ನು ತೆಗೆಯೋ ಕಳ್ಳ ಇನ್ನೂ ಹುಟ್ಟಿಲ್ಲ," ಎಂದು ಬಾಗಿಲು ದೂಡಿ ಮುಚ್ಚಿದ. ಠಕ್ ಠಕ್ ಠಕ್. ಬೀಗದ ಕೈಯೂ ರಿಪೇರಿ ಸಾಮಾನಿನ ಚೀಲವೂ ಒಳಗೆ ಅಡುಗೆಕಟ್ಟೆಯ ಮೇಲಿದ್ದವು.

ಹೆಂಡತಿಯ ಹೇರ್‌ಪಿನ್ನು ಮುರಿಯಿತು. ಟೀಚರ ಸೇಫ್ಟಿಪಿನ್ನು ಮುರಿಯಿತು. ಬೆವರಿನಿಂದ ತೊಯ್ದು ತೊಪ್ಪೆಯಾದ ಅವನಿಗೆ ಬೀಗದ ಮೇಲೆ ಎಲ್ಲಿಲ್ಲದ ಸಿಟ್ಟು, ಅಷ್ಟೇ ಹೆಮ್ಮೆ. ಸರ್ವೇಯರ್ ಮೆಟ್ಟಿಲ ಮೇಲೆ ಕೂತು ಗಡಿಯಾರ ನೋಡಿದ. ಟೀಚರು ಮೆಲ್ಲಗೆ ಕೇಳಿದರು, "ಒಳಗೆ ಬೆಂಕಿ ಗಿಂಕಿ ಬಿದ್ರೆ ನಾನು ಹೊರಗೆ ಬರೋದು ಹೇಗೆ?"

"ಬರೋಕೆ ಸಾಧ್ಯವೇ ಇಲ್ಲ," ಎಂದ ಅವನು, ಅಭಿಮಾನದಿಂದ.

ಟೀಚರು ಬ್ಯಾಗು ಹೆಗಲಿಗೇರಿಸಿ ಹೊರಟೇಹೋದರು.

ಹೆಂಡತಿ ಗಂಡನ ಅಂಗಡಿಗೆ ಎದುರಂಗಡಿಯ ಬೀಗದವನಿಗೆ ಫೋನು ಮಾಡಿದಳು. ಅವನ ಬೀಗಗಳನ್ನು ಗಂಡ ವರ್ಷಗಟ್ಟಲೆ ತಗಡಿನ ಡಬ್ಬಿ ಎಂದು ಜರೆದಿದ್ದ. "ಅವನು ನನ್ನ ಬೀಗ ಮುಟ್ಟಿದ್ರೆ ನಾನು ಈ ಕಸುಬೇ ಬಿಡ್ತೀನಿ," ಎಂದು ಗಂಡ ಗುಡುಗಿದ. ಎದುರಂಗಡಿಯವನು ಬಂದ. ಬೀಗವನ್ನು ಮುಟ್ಟಲೇ ಇಲ್ಲ. ಬಾಗಿಲಿನ ಇನ್ನೊಂದು ಪಕ್ಕಕ್ಕೆ ಹೋಗಿ, ಹೊರಗೇ ಕಾಣುತ್ತಿದ್ದ ಕೀಲುಗಳ ಸರಳು ಕಿತ್ತು, ಬಾಗಿಲನ್ನೇ ಎತ್ತಿ ಗೋಡೆಗೆ ಒರಗಿಸಿದ.

ಸರ್ವೇಯರ್ ಕೋಣೆಗಳನ್ನು ಅಳೆದು ಬಂದು, "ಮನೆ ಚೆನ್ನಾಗಿದೆ. ಬಾಡಿಗೆದಾರರು ಎಲ್ಲಿ?" ಎಂದ. ಮುಂಗಡ ಮುಳುಗಿತೆಂದು ಹೆಂಡತಿಯ ಕಣ್ಣಲ್ಲಿ ನೀರೇ ಬಂತು.

"ಮನೆ ಗಾಳಿ ಬೆಳಕಾಗಿದೆ," ಎಂದ ಎದುರಂಗಡಿಯವನು, ಕಿಟಕಿಯಿಂದ ಇಣುಕುತ್ತ. "ನಾನೇ ಬರ್ತೀನಿ. ಬಾಡಿಗೆ ನೀವು ಹೇಳಿದ್ದೇ ಇರ್ಲಿ. ಆದ್ರೆ ಕರಾರಲ್ಲಿ ಒಂದು ಮಾತು ಸೇರಿಸಬೇಕು."

ಸರ್ವೇಯರ್ ತೊಡೆಯ ಮೇಲೆ ಕರಾರಿನ ಕಾಗದ ಇಟ್ಟುಕೊಂಡು ಅವನು ಹೇಳಿದ್ದನ್ನು ಬರೆದುಕೊಟ್ಟ. ಮಾಲೀಕನಾಗಲಿದ್ದ ಗಂಡ ಅದನ್ನು ಓದಿದ: ಈ ಬೀಗ ತೆಗೆದುಹಾಕಿ, ನುರಿತ ಕೆಲಸಗಾರನಿಂದ ಹೊಸ ಬೀಗ ಹಾಕಿಸತಕ್ಕದ್ದು. ಖರ್ಚು ಮಾಲೀಕನದು.

ಎದುರಂಗಡಿಯವನ ಸಹಿಯ ಪಕ್ಕದಲ್ಲಿ ಹಲ್ಲು ಕಡಿಯುತ್ತ ಸಹಿ ಹಾಕಿದ. ಹೆಂಡತಿ ಕಣ್ಣೊರೆಸಿಕೊಂಡು ಕೇಳಿದಳು, "ನುರಿತವರು ಅಂದ್ರೆ ಯಾರನ್ನ ಕರೆಸ್ತೀರಣ್ಣ?"

"ಕರೆಸೋದೇನಮ್ಮ, ನಾನೇ ಹಾಕ್ಕೋತೀನಿ. ಬಿಲ್ಲು ಮಾತ್ರ ಬೀಗರಿಗೆ ಕಳಿಸ್ತೀನಿ."