ಕತ್ತಲೆ ಕೋಣೆಯಲ್ಲಿ ತಲೆಕೆಳಗಾದ ಇನ್ಸ್‌ಪೆಕ್ಟರರು

ಫೋಟೋ ತೆಗೆಯುವುದು ಅಂಥ ದೊಡ್ಡ ವಿದ್ಯೆಯೇನಲ್ಲ ಎಂದು ನಾನು ದೃಢವಾಗಿ ನಂಬಿದ್ದೆ. ಯಾಕೆಂದರೆ ನಾನು ಅದುವರೆಗೆ ಒಂದು ಫೋಟೋವನ್ನೂ ತೆಗೆದಿರಲಿಲ್ಲ.

ನಾವಿನ್ನೂ ಮದರಾಸು ಸರಕಾರದ ಕೆಳಗಿದ್ದ ಕಾಲ. ಅಗಲ್ಪಾಡಿಯ ಆಚೆಯ ಒಂದು ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಮಾಸ್ಟ್ರು. ಅದೂ ಹಂಗಾಮಿ. ಎರಡು ವರ್ಷದಿಂದ ಮಕ್ಕಳ ಕೈಯಲ್ಲಿ ಒಂದೇ ಹೂದಾನಿಯನ್ನು ಬರೆಸಿ ಬರೆಸಿ, ಹೂದಾನಿಗೇ ಬೇಸರ ಬಂದಿತ್ತು. ಶಾಲಾ ತನಿಖೆಗೆ ಇನ್ಸ್‌ಪೆಕ್ಟರರು ಬಂದು ಮೆಚ್ಚಿ ಬರೆದರೆ ನನ್ನ ಕೆಲಸ ಕಾಯಂ. ಇಲ್ಲವಾದರೆ ಡ್ರಾಯಿಂಗ್ ತರಗತಿಯೂ ಇಲ್ಲ, ಮಾಸ್ಟ್ರೂ ಇಲ್ಲ. ಹಾಗಿರುವಾಗ ಹೆಡ್ಮಾಸ್ಟ್ರು ಒಂದು ದಿನ ನನ್ನನ್ನು ಕರೆದು, ಈ ಸಲ ಹೊಸತೇನಾದರೂ ತೋರಿಸಬೇಕು, ಫೋಟೋದ ಪಾಠ ಮಾಡಿದರೆ ಹೇಗೆ ಎಂದರು.

“ನಿಮಗೆ ಆ ಕೆಲಸ ಗೊತ್ತುಂಟಲ್ಲ ಮಾಸ್ಟ್ರೇ?”

“ಅದೆಂತ ದೊಡ್ಡದು ಸರ್” ಎಂದೆ.

ಮಂಗಳೂರಿನಲ್ಲಿದ್ದ ಅವರ ಭಾವ ಒಂದು ಕ್ಯಾಮರಾ ಕಳುಹಿಸುತ್ತೇನೆ ಎಂದಿದ್ದರಂತೆ. ಬಸ್ಸು ದಿನಾ ಬಂತು, ಕ್ಯಾಮರಾ ಬರಲಿಲ್ಲ. ಮನೆಯಲ್ಲಿ ಹೆಂಡತಿ ನನ್ನ ಮುಖ ನೋಡಿಯೇ ವಿಷಯ ತಿಳಿದುಕೊಂಡಳು. “ನೀವು ಸುಮ್ಮನೆ ಹೂದಾನಿ ಬರೆಸಿ ಮಾರಾಯ್ರೇ” ಎಂದಳು. ಆ ಮಾತು ಕೇಳಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ನಾನು ಎಲ್ಲೋ ಓದಿದ್ದೆ: ಬೆಳಕು ನುಗ್ಗದ ಪೆಟ್ಟಿಗೆಗೆ ಸೂಜಿಯಷ್ಟು ತೂತು ಮಾಡಿದರೆ ಹೊರಗಿನ ಚಿತ್ರ ಒಳಗೆ ಬೀಳುತ್ತದೆ, ಕ್ಯಾಮರಾ ಅಂದರೆ ಇಷ್ಟೇ. ಪೆಟ್ಟಿಗೆಯಲ್ಲಿ ಬೀಳುವ ಚಿತ್ರ ಕೋಣೆಯಲ್ಲಿ ಯಾಕೆ ಬೀಳಬಾರದು? ಶಾಲೆಯಲ್ಲಿ ಮರದ ಮುಚ್ಚಿಗೆಯಿದ್ದ ಒಂದು ಸಾಮಾನಿನ ಕೋಣೆ ಇತ್ತು. ಒಂದೇ ಬಾಗಿಲು, ಅದು ಅಂಗಳದ ಕಡೆಗೆ. ಒಂಬತ್ತನೆಯ ತರಗತಿಯ ಮೂವತ್ತು ಹುಡುಗರು ಮನೆಮನೆಯಿಂದ ಹರಿದ ಕೊಡೆಗಳ ಕಪ್ಪು ಬಟ್ಟೆ ತಂದರು. ಸಂದುಗಳಿಗೆಲ್ಲ ಅದನ್ನು ಅಂಟಿಸಿದೆವು. ಅಂಟಿಗೆ ಹಲಸಿನ ಮೇಣ! ನಮ್ಮೂರಿನಲ್ಲಿ ಕೊಡಪಾನದ ತೂತಿನಿಂದ ಹಿಡಿದು ಎಲ್ಲವನ್ನೂ ಮುಚ್ಚುವುದು ಅದರಿಂದಲೇ. ಎಳೆ ಹಲಸಿನ, ಅಂದರೆ ಗುಜ್ಜೆಯ ಕಾಲವಾದ್ದರಿಂದ ಮೇಣಕ್ಕೆ ಬರವಿರಲಿಲ್ಲ. ಬಾಗಿಲಿನಲ್ಲಿ ಎದೆಯೆತ್ತರಕ್ಕೆ ಮರದ ಗಂಟು ಉದುರಿ ಆದ ಒಂದು ತೂತಿತ್ತು. ಅದಕ್ಕೂ ಬಟ್ಟೆ ಅಂಟಿಸಿ, ನಡುವೆ ತೆಂಗಿನ ಗರಿಯ ಕಡ್ಡಿಯಿಂದ ಒಂದು ಸಣ್ಣ ರಂಧ್ರ ಮಾಡಿದೆ.

ಬಾಗಿಲು ಹಾಕಿದೆವು. ಮೊದಲು ಏನೂ ಕಾಣಲಿಲ್ಲ. ಕಣ್ಣು ಕತ್ತಲೆಗೆ ಹೊಂದಿಕೊಂಡದ್ದೇ, ಎದುರಿನ ಸುಣ್ಣದ ಗೋಡೆಯ ಮೇಲೆ ನಮ್ಮ ಅಂಗಳ ಇಳಿದು ಬಂತು! ಬಣ್ಣದ ಸಮೇತ. ತೆಂಗಿನ ಮರ ತಲೆ ಕೆಳಗಾಗಿ ತೂಗುತ್ತಿತ್ತು. ಒಂದು ದನ ಮೇಲೆ ಕಾಲು ಮಾಡಿಕೊಂಡು ಮೇಯುತ್ತಿತ್ತು. ಹುಡುಗರು ಉಸಿರು ಬಿಡಲಿಲ್ಲ. ನಿಜ ಹೇಳುತ್ತೇನೆ, ನಾನೂ ಬಿಡಲಿಲ್ಲ. ಎರಡು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಪಾಠ ನನಗೇ ಇಷ್ಟವಾಗಿತ್ತು.

ಐತಪ್ಪನೆಂಬ ಹುಡುಗ, ಇದನ್ನು ಸರಿಯಾಗಿ ನೋಡುವುದು ಹೇಗೆ ಸರ್ ಎಂದ. ತಲೆ ತಿರುಗಿಸಿದರಾಯಿತು ಎಂದೆ. ಗೋಡೆಗೆ ಬೆನ್ನು ಹಾಕಿ, ಬಾಗಿಲ ಕಡೆ ಮುಖಮಾಡಿ ನಿಂತು, ಮುಂಡು ಎತ್ತಿ ಕಟ್ಟಿ, ಪೂರ್ತಿ ಬಗ್ಗಿ ಕಾಲುಗಳ ನಡುವಿನಿಂದ ನೋಡಿದರೆ ಲೋಕ ನೆಟ್ಟಗಾಗುತ್ತದೆ! ನಾನೇ ಮಾಡಿ ತೋರಿಸಿದೆ. ಮೂವತ್ತೂ ಜನ ಬಗ್ಗಿದರು.

ಅಷ್ಟರಲ್ಲಿ ಗೋಡೆಯ ಮೇಲೆ ಇಬ್ಬರು ನಡೆದು ಬಂದರು. ಒಬ್ಬರು ಹೆಡ್ಮಾಸ್ಟ್ರು. ಇನ್ನೊಬ್ಬರು ಕೋಟು, ರುಮಾಲಿನವರು. ಯಾರು ಸರ್ ಎಂದು ಹುಡುಗರು ಕೇಳಿದರು. ಯಾರಾದರೂ ಇರಲಿ, ರುಮಾಲಿನ ಜರಿ ಹೇಗೆ ಮಿನುಗುತ್ತದೆ ನೋಡಿ ಎಂದೆ. ಇನ್ಸ್‌ಪೆಕ್ಟರರು ಬರುವುದು ನಾಳೆ ಎಂಬ ಧೈರ್ಯ ನನ್ನದು. ರುಮಾಲು ದೊಡ್ಡದಾಗುತ್ತಾ ಬಂತು. ಮತ್ತೆ ಇದ್ದಕ್ಕಿದ್ದಂತೆ ಕತ್ತಲೆ.

ಬಟ್ಟೆ ಸಡಿಲಾಗಿ ರಂಧ್ರ ಮುಚ್ಚಿತೆಂದು ನನಗೆ ತೋರಿತು. ಯಾರೂ ಅಲುಗಬೇಡಿ ಎಂದು ಹುಡುಗರಿಗೆ ಆಜ್ಞೆ ಮಾಡಿ, ಮೇಣದ ಉಂಡೆಯನ್ನು ಎರಡೂ ಅಂಗೈಯಲ್ಲಿ ತಿಕ್ಕಿ, ಬಟ್ಟೆಯನ್ನು ಒತ್ತಿ ಅಂಟಿಸಿದೆ. ಆದರೂ ಕತ್ತಲೆ. ಕಡ್ಡಿ ತೆಗೆದು ರಂಧ್ರಕ್ಕೆ ಚುಚ್ಚಿದೆ.

ಟಿಕ್ ಎಂದಿತು. ಅದು ಕನ್ನಡಕದ ಗಾಜು!

ಆಚೆ ಕಡೆಯಿಂದ ಯಾರೋ “ಅಯ್ಯಯ್ಯೋ” ಎಂದರು. ಬಾಗಿಲು ತೆರೆಯಿತು. ರಂಧ್ರದಲ್ಲಿ ಇಣುಕಿದ್ದ ಇನ್ಸ್‌ಪೆಕ್ಟರರು ಕಣ್ಣು ಮುಟ್ಟಿಕೊಂಡು ನಿಂತಿದ್ದರು. ಅವರೆದುರು ಮೂವತ್ತು ಹುಡುಗರು ತಲೆ ನೆಲಕ್ಕೆ ತಾಗುವಷ್ಟು ಬಗ್ಗಿದ್ದರು. ನಾನು ಗಡಿಬಿಡಿಯಲ್ಲಿ ಎರಡೂ ಕೈ ಜೋಡಿಸಿ ನಮಸ್ಕಾರ ಎಂದೆ. ಜೋಡಿಸಿದ ಕೈ ಮತ್ತೆ ಬಿಡಲಿಲ್ಲ! ಕಡ್ಡಿಯೂ ನಡುವೆ ಸಿಕ್ಕಿ, ಊದುಬತ್ತಿಯಂತೆ ಮೇಲೆದ್ದು ನಿಂತಿತು.

“ಇದು ಎಂತ ಪಾಠ?” ಎಂದರು ಇನ್ಸ್‌ಪೆಕ್ಟರರು.

ಗೋಡೆಯನ್ನು ತೋರಿಸೋಣವೆಂದು ತಿರುಗಿದೆ. ಬಾಗಿಲು ತೆರೆದು ಬೆಳಕು ನುಗ್ಗಿದ ಮೇಲೆ ಗೋಡೆಯಲ್ಲಿ ಏನಿರುತ್ತದೆ? ಬರೀ ಸುಣ್ಣ. ಮರವಿಲ್ಲ, ದನವಿಲ್ಲ, ಆಕಾಶವಿಲ್ಲ. ಬಾಗಿಲು ಹಾಕಿ ಸರ್, ತೋರಿಸುತ್ತೇನೆ ಎಂದು ಹೇಳಬೇಕಿತ್ತು. ಹೇಳಿದರೆ ರಂಧ್ರದ ಮಾತು ಬರುತ್ತದೆ. ರಂಧ್ರದ ಹಿಂದೆ ಕಡ್ಡಿಯ ಮಾತು ಬರುತ್ತದೆ. ನನ್ನ ನಾಲಗೆಗೂ ಮೇಣ ಹಿಡಿಯಿತು.

“ಡ್ರಿಲ್ ಸರ್” ಎಂದರು ಹೆಡ್ಮಾಸ್ಟ್ರು, ನನ್ನ ಮಾನ ಉಳಿಸಲೆಂದು.

ಇನ್ಸ್‌ಪೆಕ್ಟರರು ನನ್ನನ್ನು ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

ಬಗ್ಗಿಕೊಂಡೇ ಇದ್ದ ಐತಪ್ಪ, “ಅಲ್ಲ ಸರ್, ನೀವು ಗೋಡೆಯಲ್ಲಿ ಬರ್ತಾ ಇದ್ರಿ, ನಾವು ನೋಡಿದೆವು” ಎಂದ. ಪಾಪ, ಸತ್ಯ ಹೇಳಿದವನು ಅವನೊಬ್ಬನೇ. ಸುಮ್ಮನಿರು ಎಂದು ನಾನೇ ಗದರಿಸಿದೆ. ಆ ಗದರಿಕೆ ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಇನ್ಸ್‌ಪೆಕ್ಟರರು ಅವನ ಬೆನ್ನು ತಟ್ಟಿ, ಇಷ್ಟು ಹೊತ್ತು ಬಗ್ಗಿದರೆ ಯಾರಿಗಾದರೂ ತಲೆ ತಿರುಗುತ್ತದೆ ಎಂದು ಸಮಾಧಾನ ಹೇಳಿದರು. ನನ್ನ ಕಡೆ ತಿರುಗಿ, ಸಾಕು, ಇನ್ನು ಕೈ ಇಳಿಸಿ ಎಂದರು. ನಾನು ಇಳಿಸಲಿಲ್ಲ. ಅವರು ಹೊರಡುವ ತನಕವೂ ಕೈ ಮುಗಿದೇ ಇದ್ದೆ. ಇಂಥ ವಿನಯ ಈಗಿನವರಲ್ಲಿ ಕಾಣಸಿಗದು ಎಂದು ಅವರು ಹೆಡ್ಮಾಸ್ಟ್ರಲ್ಲಿ ಹೇಳಿದರಂತೆ.

ಸಂಜೆ ಹೆಂಡತಿ ತೆಂಗಿನೆಣ್ಣೆ ಹಾಕಿ ತಿಕ್ಕಿ ಕೈ ಬಿಡಿಸಿದಳು. ಎಂತಾಯಿತು ಎಂದು ಕೇಳಿದಳು. ಇನ್ಸ್‌ಪೆಕ್ಟರರು ಬರೆದಿಟ್ಟು ಹೋದ ವರದಿಯಿಂದ ಹೆಡ್ಮಾಸ್ಟ್ರು ಓದಿ ಹೇಳಿದ್ದನ್ನು ಒಪ್ಪಿಸಿದೆ: ಸದರಿ ಶಿಕ್ಷಕರನ್ನು ಕಾಯಂ ಮಾಡಬಹುದು, ಡ್ರಿಲ್ ಮಾಸ್ಟ್ರಾಗಿ. ಅಂಗಸಾಧನೆಯನ್ನು ಕತ್ತಲೆ ಕೋಣೆಯಲ್ಲಿ ಮಾಡಿಸದೆ ಬಯಲಿನಲ್ಲಿ ಮಾಡಿಸತಕ್ಕದ್ದು. ಡ್ರಾಯಿಂಗ್ ತರಗತಿಯ ಅಗತ್ಯ ಕಂಡುಬರುವುದಿಲ್ಲ.

ಮರುವಾರದಿಂದ ನಾನು ಸೀಟಿ ಕಟ್ಟಿಕೊಂಡು ಬಯಲಿಗಿಳಿದೆ. ನನಗೆ ಗೊತ್ತಿದ್ದ ಕಸರತ್ತು ಒಂದೇ. ಇಡೀ ಶಾಲೆಯನ್ನು ಸಾಲಾಗಿ ನಿಲ್ಲಿಸಿ, ಬಗ್ಗಿ ಕಾಲುಗಳ ನಡುವಿನಿಂದ ನೋಡಿ ಎಂದು ಸೀಟಿ ಊದಿದೆ. ಹುಡುಗರು ಬಗ್ಗಿದರು. ತುಂಬಾ ಹೊತ್ತು ನೋಡಿದರು.

“ಎಂತ ನೋಡುವುದು ಸರ್?” ಎಂದ ಐತಪ್ಪ.

“ನೋಡಲಿಕ್ಕೆ ಎಂತದೂ ಇಲ್ಲ, ಬಗ್ಗಿದರೆ ಸಾಕು” ಎಂದೆ. ಆ ವಿದ್ಯೆಯಲ್ಲಿ ನಾನು ಸರಕಾರದಿಂದಲೇ ಕಾಯಂ ಆದವನಲ್ಲವೇ!