ಒಡ್ಡು ಮೊದಲೇ ಕಟ್ಟಿದ ತಪ್ಪಿಗೆ

ಘನ ಅಧ್ಯಕ್ಷರ ಸನ್ನಿಧಿಗೆ,
ಅನುದಾನ ಆಯ್ಕೆ ಸಮಿತಿ,
ಹಸಿರುಹೊನಲು ಪ್ರತಿಷ್ಠಾನ, ಗೋಕಾಕ ಶಾಖೆ.

ವಿಷಯ: ಅನುದಾನ ಬರುವ ಮುಂಚೆಯೇ ಹಳ್ಳಕ್ಕೆ ಒಡ್ಡು ಕಟ್ಟಿ ತಮ್ಮ ಮನಸ್ಸು ನೋಯಿಸಿದ ಬಗ್ಗೆ.

ಮಾನ್ಯರೇ,

ತಮಗೂ, ತಮ್ಮ ಸಮಿತಿಯ ಸದಸ್ಯರಿಗೂ, ತಮ್ಮ ಕಚೇರಿಯ ತಣ್ಣೀರಿನ ಯಂತ್ರಕ್ಕೂ ಹುಕ್ಕೇರಿ ತಾಲೂಕಿನ ಹತ್ತರಗಿಯಿಂದ ಒಳಗೆ ಬಂದರೆ ಸಿಗುವ ಕರಿಹಳ್ಳದ ತೋಟಪಟ್ಟಿಯ ನಲವತ್ತು ಮನೆಗಳ ಪರವಾಗಿ ಶರಣು ಶರಣಾರ್ಥಿ. ನಾನು ದಾಕ್ಷಾಯಿಣಿ, ಇಲ್ಲಿಯ ನೀರು ಸಮಿತಿಯ ಕಾರ್ಯದರ್ಶಿ. ಅಕ್ಷರ ದುಂಡಗಿದೆ ಎಂಬ ಒಂದೇ ಅಪರಾಧಕ್ಕೆ ಊರವರು ಈ ಹುದ್ದೆಯನ್ನು ನನ್ನ ಕೊರಳಿಗೆ ಕಟ್ಟಿದ್ದಾರೆ. ನಮ್ಮ ಅರ್ಜಿಯನ್ನು ತಿರಸ್ಕರಿಸಿ ತಾವು ಬರೆದ ಪತ್ರ ಕೈಸೇರಿತು. ಕಾಗದ ಬಹಳ ದಪ್ಪಗಿತ್ತು, ಭಾಷೆ ಬಹಳ ಮೆತ್ತಗಿತ್ತು.

ನಮ್ಮ ತಪ್ಪನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಚಳಿಗಾಲದಲ್ಲಿ ತಾವು ಮೂಡಲಗಿಯಲ್ಲಿ ನಡೆಸಿದ ತರಬೇತಿಗೆ ನಾನೂ ಗೌರವ್ವನೂ ಬಂದಿದ್ದೆವು. ಗೌರವ್ವ ನಮ್ಮೂರಿನ ಹಿರಿಯಳು, ಹಳ್ಳದ ದಂಡೆಯ ಅರ್ಧ ಎಕರೆಯಲ್ಲಿ ಬದನೆ, ಮೆಣಸಿನಕಾಯಿ ಬೆಳೆದು ಸಂತೆಗೆ ಒಯ್ಯುವವಳು. ಹಳ್ಳ ಬತ್ತಿದ ವರ್ಷ ಎಲ್ಲರಿಗಿಂತ ಮೊದಲು ಬತ್ತುವುದು ಅವಳ ಬಾವಿ. ಆ ದಿನ ತಮ್ಮ ಸಂಯೋಜಕರಾದ ಸುಶಾಂತ ಅವರು ಗೋಡೆಯ ಮೇಲೆ ಬಣ್ಣದ ಚಿತ್ರಗಳನ್ನು ತೋರಿಸುತ್ತ, ಮೊದಲ ಹೆಜ್ಜೆಯನ್ನು ಸಮುದಾಯವೇ ಇಡಬೇಕೆಂದು ಮೂರು ಸಲ ಹೇಳಿದರು. ಅದು ಹೇಳುವ ಮಾತೇ ಹೊರತು ಮಾಡುವ ಮಾತಲ್ಲ ಎಂಬುದು ಓದಿಕೊಂಡವರಿಗೆ ತಿಳಿಯುತ್ತದೆ. ನಾವು ಊರಿಗೆ ಬಂದವರೇ ಹೆಜ್ಜೆ ಇಟ್ಟುಬಿಟ್ಟೆವು.

ನಮ್ಮಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬಸವಣ್ಣನಿಗೆ ಬಿಟ್ಟ ದಿನ ಅದು. ಎತ್ತಿಗೆ ವಿಶ್ರಾಂತಿ, ಹಾಗಾಗಿ ಮನುಷ್ಯರ ಕೈ ಖಾಲಿ. ಹನ್ನೊಂದು ಸೋಮವಾರ ಮನೆಗೊಬ್ಬರಂತೆ ಬುಟ್ಟಿ ಸಲಿಕೆ ಹಿಡಿದು ಹೊರಟು, ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಒಡ್ಡು ಹಾಕಿದೆವು. ಎತ್ತುಗಳು ಬೇವಿನ ನೆರಳಿನಲ್ಲಿ ಮೆಲುಕು ಹಾಕುತ್ತ ಮಲಗಿ, ತಮ್ಮ ಪಾಲಿನ ಕೆಲಸವನ್ನು ನಾವು ಮಾಡುವುದನ್ನು ನೋಡಿದವು. ಭರಣಿ ಮಳೆ ಒಂದು ಹದ ಬಂದದ್ದೇ ತಡ, ಒಡ್ಡಿನ ಹಿಂದೆ ಮೊಣಕಾಲು ಮಟ ನೀರು ನಿಂತಿತು, ಗೌರವ್ವನ ಬಾವಿಯ ಹಗ್ಗ ಎರಡು ಮಾರು ಕಡಿಮೆ ಇಳಿದರೆ ಸಾಕಾಯಿತು. ಉಳಿದದ್ದು ಕೋಡಿ ಒಂದೇ. ಹೆಚ್ಚಾದ ನೀರು ಒಡ್ಡಿಗೆ ಪೆಟ್ಟಾಗದಂತೆ ಹೊರಗೆ ಹರಿದುಹೋಗಲು ಕಲ್ಲು, ಸಿಮೆಂಟಿನ ದಾರಿ ಬೇಕು, ಅದಕ್ಕೆ ಬಲ್ಲ ಗೌಂಡಿ ಬೇಕು. ನಾವು ತಮ್ಮನ್ನು ಕೇಳಿದ್ದು ಅಷ್ಟೇ.

ತಮ್ಮ ಪರಿಶೀಲಕರು ಬಿಸಿಲಲ್ಲಿ ಬಂದು ಬಹಳ ಕಷ್ಟಪಟ್ಟರು. ಕೆಲಸಕ್ಕೆ ಮುಂಚಿನ ಫೋಟೋ ಎಂಬ ಖಾನೆಗೆ ಒಣಗಿದ ಹಳ್ಳ ಬೇಕಿತ್ತು, ಅವರು ಎತ್ತ ತಿರುಗಿದರೂ ನೀರೇ ಕಾಣುತ್ತಿತ್ತು. ಗೌರವ್ವ ಮಜ್ಜಿಗೆ ಕೊಟ್ಟು, "ಸಾಹೇಬ್ರ, ಮಣ್ಣ ನಾವ ಹೊತ್ತೇವ್ರಿ, ಇನ್ನೂ ಹೊರತೇವ್ರಿ. ಕಲ್ಲಿನ ಕೋಡಿ ಮಾತ್ರ ನಮ್ಮ ಕೈಲೆ ಆಗಂಗಿಲ್ರಿ. ಅದಿಲ್ಲಂದ್ರ ಮಿರಗದ ಮಳಿಗೆ ಒಡ್ಡ ಕೊಚ್ಚಿಕೊಂಡ ಹೋಗತೈತ್ರಿ" ಎಂದಳು. ಅವರು ಮಜ್ಜಿಗೆ ಮುಗಿಸಿ, "ಖರೆ ಐತಿ ಆಯಿ, ಆದ್ರ ಒಣಗಿದ ಹಳ್ಳದ ಫೋಟೋ ಇಲ್ಲಂದ್ರ ಅರ್ಜಿ ಮುಂದ ಹೋಗಂಗಿಲ್ಲ" ಎಂದು ವಿನಯದಿಂದ ಹೇಳಿ, ನೀರಿನ ಫೋಟೋವನ್ನೇ ನಾಲ್ಕು ತೆಗೆದುಕೊಂಡು ಹೋದರು. ತಮ್ಮ ಪತ್ರದಲ್ಲಿ ಕಾರಣ ಎರಡೇ ಶಬ್ದ: ಸಮಸ್ಯೆ ಕಂಡುಬಂದಿಲ್ಲ.

ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂದು ಹಿರಿಯರು ಹೇಳುತ್ತಿದ್ದರು. ನಮ್ಮದು ಅದಕ್ಕಿಂತ ಚೆಂದದ ಸಂಬಂಧ. ನಮ್ಮ ಹುಚ್ಚು ಅರ್ಧ ಬಿಟ್ಟಿತೆಂದು ಕೇಳಿ ಬೀಗರು ಮದುವೆಯನ್ನೇ ಮುರಿದಿದ್ದಾರೆ.

ಆದರೆ ಅದೇ ಲಕೋಟೆಯಲ್ಲಿ ತಾವು ಪ್ರೀತಿಯಿಂದ ಇಟ್ಟ ವಾರ್ಷಿಕ ವರದಿಯ ಬಗ್ಗೆ ಬರೆಯದೆ ಇರಲಾರೆ. ಅದರ ಮುಖಪುಟದಲ್ಲಿ ನಮ್ಮ ಒಡ್ಡಿದೆ, ನಮ್ಮ ನೀರಿದೆ, ಅಂಚಿನಲ್ಲಿ ಗೌರವ್ವನ ಹಸಿರು ಸೀರೆಯ ಸೆರಗೂ ಇದೆ, ಮೇಲೆ 'ನಮ್ಮ ಸಾಧನೆ' ಎಂಬ ಅಕ್ಷರಗಳಿವೆ. ಅರ್ಜಿಗೆ ಬೇಡವಾದ ನೀರು ಮುಖಪುಟಕ್ಕೆ ಬೇಕಾದದ್ದು ಕಂಡು ನನಗೆ ಹೆಮ್ಮೆಯಾಗಬೇಕಿತ್ತು. ಸಿಟ್ಟು ಬಂತು. ಬರೆದ ದುಂಡು ಅಕ್ಷರಗಳನ್ನೆಲ್ಲ ಹರಿದು ಒಲೆಗೆ ಹಾಕುವಷ್ಟು ಸಿಟ್ಟು ಬಂತು ಎಂಬುದನ್ನು ತಾವು ದಯಮಾಡಿ ಕಡತದಲ್ಲಿ ದಾಖಲಿಸಿಕೊಳ್ಳಬೇಕು.

ಈಗ ನಮ್ಮ ಸಣ್ಣ ಬೇಡಿಕೆ. ಅರ್ಹತೆ ಮುಖ್ಯವಾದ್ದರಿಂದ, ನಮ್ಮ ಒಡ್ಡನ್ನು ನಾವೇ ಒಡೆದು, ನೀರು ಹರಿಯಬಿಟ್ಟು, ಹಳ್ಳ ಒಣಗಿದ ಮೇಲೆ ಬೇಸರದ ಮುಖ ಮಾಡಿಕೊಂಡು ಸಾಲಾಗಿ ನಿಲ್ಲಲು ತಾವು ಅನುಮತಿ ಕೊಡಬೇಕು. ಅದು ನಿಯಮಕ್ಕೆ ವಿರುದ್ಧವಾದರೆ, ತಮ್ಮ ಸಮಿತಿಯ ಮುಂದಿನ ಸಭೆ ಮುಗಿಯುವವರೆಗೆ ಕಾಯಬೇಕೆಂದು ಮೃಗಶಿರಾ ಮಳೆಗೆ ತಮ್ಮ ದಪ್ಪ ಕಾಗದದಲ್ಲಿಯೇ ಒಂದು ಸೂಚನಾಪತ್ರ ಕಳಿಸಬೇಕು. ನಮ್ಮ ಮಾತನ್ನು ಅದು ಕೇಳುವುದಿಲ್ಲ, ತಮ್ಮ ಮೊಹರು ನೋಡಿಯಾದರೂ ಕೇಳೀತು.

ಮಣ್ಣು ಮೆತ್ತಿದ ಕೈಯಿಂದಲೇ ಬರೆದಿದ್ದೇನೆ, ಕಾಗದಕ್ಕೆ ಕಲೆಯಾಗಿದ್ದರೆ ಕ್ಷಮೆಯಿರಲಿ.

ತಮ್ಮ ವಿಶ್ವಾಸಿ,
ದಾಕ್ಷಾಯಿಣಿ
ಕಾರ್ಯದರ್ಶಿ, ನೀರು ಸಮಿತಿ, ಕರಿಹಳ್ಳ ತೋಟಪಟ್ಟಿ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ. ನಿನ್ನೆ ಶನಿವಾರ ಮಧ್ಯಾಹ್ನ ಮೃಗಶಿರಾ ಬಂತು. ಕೋಡಿ ಇರಬೇಕಾದ ಜಾಗದಲ್ಲಿಯೇ ಒಡ್ಡು ಒಡೆದು, ಗೌರವ್ವನ ಬದನೆಯ ಸಾಲುಗಳನ್ನೂ ಎಳೆದುಕೊಂಡು ಹೋಯಿತು. ಸಮಸ್ಯೆ ಈಗ ಚೆನ್ನಾಗಿ ಕಂಡುಬರುತ್ತಿದೆ. ನಾವೆಲ್ಲ ದಂಡೆಗೆ ಓಡಿಬಂದಾಗ ಗೌರವ್ವ, "ಅಳಕೋತ ಕುಂತ್ರ ಒಡ್ಡ ಏಳತೈತೇನು? ನಾಡದ ಸೋಮಾರ ಐತಿ, ಬುಟ್ಟಿ ತಗೊಂಡ ಬರ್ರಿ" ಎಂದಳು. ಅಂಚೆ ತಡವಾದೀತೆಂದು ಸುಶಾಂತ ಅವರ ಫೋನಿಗೂ ಇದನ್ನು ಕಳಿಸಿದ್ದೇನೆ. ತಮಗೆ ಕೆಲಸಕ್ಕೆ ಮುಂಚಿನ ಫೋಟೋ ಬೇಕಿದ್ದರೆ ನಾಳೆ ಬೆಳಿಗ್ಗೆ ಎಂಟು ಗಂಟೆಯೊಳಗೆ ಬರಬೇಕು. ಆಮೇಲೆ ನಮ್ಮಿಂದ ಮತ್ತೆ ಅದೇ ತಪ್ಪು ನಡೆಯಲಿದೆ.