ಸಮುದ್ರದ ಅತ್ತರು ಮತ್ತು ಗಂಭೀರ ಸ್ವಭಾವ

ಮಿರಜ ಪೇಟೆಯ ನಮ್ಮ ಓಣಿಯಲ್ಲಿ ಸಮುದ್ರವನ್ನು ಸರಿಯಾಗಿ ನೋಡಿದವನು ನಾನೊಬ್ಬನೇ. ನಮ್ಮ ಕಾಕಾ ಕೂಡ ನೋಡಿದ್ದರು, ಆದರೆ ಅವರ ಪ್ರಕಾರ ಅದು ಬರೀ ನೀರು. ಸಂಸ್ಥಾನದ ಕಾಲ ಅದು. ನಮ್ಮದು ಕುಂಕುಮ, ಊದಿನಕಡ್ಡಿ, ಅತ್ತರಿನ ಅಂಗಡಿ. ತಂದೆ ತೀರಿಕೊಂಡ ಮೇಲೆ ಕಾಕಾ ನಡೆಸುತ್ತಿದ್ದರು, ನಾನು ಗಿರಾಕಿಗಳಿಗೆ ಪೊಟ್ಟಣ ಕಟ್ಟಿಕೊಡುತ್ತಿದ್ದೆ.

ಒಮ್ಮೆ ತೆಂಗಿನಕಾಯಿ ಖರೀದಿಗೆ ಕಾಕಾ ರತ್ನಾಗಿರಿಗೆ ಹೊರಟಾಗ ನನ್ನನ್ನೂ ಕರೆದೊಯ್ದರು. ಅವರು ದಲ್ಲಾಳಿಯ ಜೊತೆ ವಾದಕ್ಕೆ ಕೂತ ಹೊತ್ತಿನಲ್ಲಿ ನಾನು ದಂಡೆಗೆ ಹೋಗಿ ನಿಂತೆ. ಸಂಜೆಯ ಗಾಳಿ, ಕೇದಗೆಯ ಪೊದೆಗಳು, ಒದ್ದೆ ಉಸುಕು, ಉಪ್ಪು. ಆ ವಾಸನೆ ಮೂಗಿಗೆ ಬಡಿದ ಕೂಡಲೇ ನನ್ನ ಮುಂದಿನ ಬಾಳು ನನಗೆ ಸ್ಪಷ್ಟವಾಗಿ ಕಂಡಿತು.

ಗುಲಾಬಿ, ಮಲ್ಲಿಗೆಯ ಮೊಗರಾ, ಲಾವಂಚದ ಖಸ್, ಮದರಂಗಿಯ ಹೀನಾ ಎಲ್ಲರ ಅಂಗಡಿಯಲ್ಲೂ ಇದ್ದವು. ಸಮುದ್ರದ ಅತ್ತರು ಮಾತ್ರ ಸಾಂಗಲಿಯಲ್ಲೂ ಇರಲಿಲ್ಲ, ಮಿರಜದಲ್ಲೂ ಇರಲಿಲ್ಲ. ಯಾಕಿಲ್ಲ ಎಂದು ನಾನು ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರು.

ದಂಡೆಯಿಂದ ಒಂದು ಚೀಲ ತುಂಬ ಚಿಪ್ಪು ಮತ್ತು ಹಸಿರು ಪಾಚಿ ತಂದೆ. ಪಾಚಿಯನ್ನು ಮಾಳಿಗೆಯ ಮೇಲೆ ಒಣಗಿಸಿದೆ. ಚಿಪ್ಪುಗಳನ್ನು ಕೆಂಡದಲ್ಲಿ ಸುಟ್ಟೆ. ಎರಡನ್ನೂ ಗಂಧದ ಎಣ್ಣೆಯಲ್ಲಿ ಹಾಕಿ, ಗಾಜಿನ ಭರಣಿಯ ಬಾಯಿ ಕಟ್ಟಿ ಬಿಸಿಲಿಗಿಟ್ಟೆ. ಕೆಲವು ವಾರಗಳ ನಂತರ ಬಾಯಿ ಬಿಚ್ಚಿದಾಗ ಹೆಂಡತಿ ಗೌರವ್ವ ಅಡುಗೆಮನೆಯಿಂದ ಹೊರಗೆ ಬಂದಳು.

"ಮನ್ಯಾಗ ಏನೋ ಸತ್ತೈತ್ರಿ."

"ಅದು ಸಮುದ್ರ," ಎಂದೆ.

"ಸಮುದ್ರ ಸತ್ತರ ಹಿಂಗ ನಾರತೈತೇನ್ರಿ?"

ಹೊಸದನ್ನು ಮಾಡುವವನಿಗೆ ಮೊದಲ ವಿರೋಧ ಮನೆಯಿಂದಲೇ ಬರುತ್ತದೆಂದು ನಾನು ಸಮಾಧಾನ ಮಾಡಿಕೊಂಡೆ. ಆದರೂ ಅಂಗಡಿಯಿಂದ ಕೇದಗೆಯ ಅತ್ತರು ತಂದು ಸ್ವಲ್ಪ ಬೆರೆಸಿದೆ. ಆಮೇಲೆ ಇನ್ನೂ ಸ್ವಲ್ಪ. ಗೌರವ್ವ ಮೂಗಿನಿಂದ ಸೆರಗು ತೆಗೆಯುವವರೆಗೆ ಬೆರೆಸುತ್ತಲೇ ಹೋದೆ.

"ಈಗ ಹೆಂಗೈತಿ?"

"ಕೇದಗಿ ಛಲೋ ಐತಿ. ಅದರ ಹಿಂದ ಮಾತ್ರ ಏನೋ ನಿಂತೈತ್ರಿ. ಮುಂದ ಬರವಲ್ದು ಅಷ್ಟ."

ನಾನು ಅದನ್ನು ಹೊಗಳಿಕೆ ಎಂದು ತಿಳಿದೆ.

ಬೆಳಗಿನ ತಂಪಿನಲ್ಲಿ ಕಾಕಾನ ಮುಂಗೈಗೆ ಒಂದು ಹನಿ ಹಚ್ಚಿದೆ. ಅವರು ಮೂಸಿ ನೋಡಿ, "ಇದನ್ನ ಯಾರ ಹಚಿಗೋಬೇಕು?" ಎಂದು ಕೇಳಿದರು.

ಈ ಪ್ರಶ್ನೆಗೆ ನಾನು ರತ್ನಾಗಿರಿಯಿಂದ ಬರುವಾಗಲೇ ಉತ್ತರ ಸಿದ್ಧಮಾಡಿಕೊಂಡಿದ್ದೆ. "ಕಾಕಾ, ಅತ್ತರ ಅಂದ್ರ ಸ್ವಭಾವಕ್ಕ ತಕ್ಕಂಗ ಇರಬೇಕ್ರಿ. ಗುಲಾಬಿ ಪ್ರೇಮದಾಗ ಬಿದ್ದಾವ್ರಿಗೆ. ಮೊಗರಾ ಹೊಸದಾಗಿ ಲಗ್ನ ಆದಾವ್ರಿಗೆ. ಖಸ್ ತಲಿ ಬಿಸಿ ಇದ್ದಾವ್ರಿಗೆ. ಸಮುದ್ರ ಗಂಭೀರ ಸ್ವಭಾವದಾವ್ರಿಗೆ. ಒಳಗ ಆಳ ಇರಬೇಕು, ಮನಸ್ಸು ಅಗಲ ಇರಬೇಕು, ಮ್ಯಾಲೆ ಶಾಂತ ಇರಬೇಕು."

"ಅಂಥಾವ ಮಿರಜದಾಗ ಯಾರದಾರ?"

ನಾನು ಯೋಚಿಸಿದೆ. ಮೊದಲು ನನ್ನ ಹೆಸರೇ ನೆನಪಿಗೆ ಬಂತು, ಸಂಕೋಚದಿಂದ ಹೇಳಲಿಲ್ಲ. ಆಮೇಲೆ ಬೇರೆ ಯಾವ ಹೆಸರೂ ನೆನಪಿಗೆ ಬರಲಿಲ್ಲ.

ಕಾಕಾ ಮುಂಗೈಯನ್ನು ಧೋತರಕ್ಕೆ ಒರೆಸಿಕೊಂಡರು. "ಶಿವಪ್ಪಾ, ಸಲಗರಿ ಹೊಲಾ ನೋಡಾಕ ಮನೀಂದ ಒಬ್ಬರು ಹೋಗಬೇಕಾಗೈತಿ. ಈ ನೀರು ಯಾರರೇ ದೊಡ್ಡ ಮನುಷ್ಯಾ ಹಚಿಗೊಂಡು ಭೇಷ್ ಅಂದ್ರ ನೀ ಅಂಗಡ್ಯಾಗ ಇರು. ಇಲ್ಲಾಂದ್ರ ಗಾಡಿ ಹತ್ತು."

ಸಲಗರೆ ಹಳ್ಳಿಯ ನಮ್ಮ ಹೊಲ ಒಳ್ಳೆಯದೇ. ಆದರೆ ಅಲ್ಲಿ ಜೋಳಕ್ಕೆ ಅತ್ತರು ಬೇಕಾಗಿರಲಿಲ್ಲ.

ಆಗ ಸಾಂಗಲಿಯಲ್ಲಿ ಒಂದು ನಾಟಕ ಮಂಡಳಿ ಬೀಡುಬಿಟ್ಟಿತ್ತು. ಅದರಲ್ಲಿ ರಾಜನ ಪಾತ್ರ ಮಾಡುವ ತಾತ್ಯಾಸಾಹೇಬರೆಂದರೆ ಜನ ಊಟ ಬಿಟ್ಟು ಓಡುತ್ತಿದ್ದರು. ಮೂಲ ಅಥಣಿ ಕಡೆಯವರು. ರಂಗದ ಮೇಲೆ ಮರಾಠಿ, ರಂಗದ ಹಿಂದೆ ಕನ್ನಡ. ಅವರು ಹಚ್ಚಿಕೊಂಡ ಅತ್ತರು ಯಾವುದೆಂದು ಸಾಂಗಲಿಯ ಶ್ರೀಮಂತರು ವಿಚಾರಿಸಿ ತರಿಸುತ್ತಾರೆಂಬ ಸುದ್ದಿ ಇತ್ತು. ನಾನು ಒಂದು ದೊಡ್ಡ ಬಾಟಲಿ ತುಂಬಿಕೊಂಡು ರೈಲು ಹತ್ತಿದೆ.

ಬಿಡಾರದ ಬಾಗಿಲಲ್ಲಿ ಕಾಲಿಟ್ಟಾಗ ಒಂದು ಹಿತ್ತಾಳೆ ತಂಬಿಗೆ ಹಾರಿಬಂದು ನನ್ನ ಕಾಲ ಬಳಿ ಉರುಳಿತು. ಸಾರಿಗೆ ಉಪ್ಪು ಹೆಚ್ಚಾಗಿದೆಯೆಂದು ತಾತ್ಯಾಸಾಹೇಬರು ಅಡುಗೆಯವನ ಮೇಲೆ ಎಸೆದದ್ದು. ಅಡುಗೆಯವನು ರೂಢಿಯಿದ್ದವನಂತೆ ತಲೆ ತಗ್ಗಿಸಿದ್ದ. ನಾನು ತಂಬಿಗೆಯನ್ನು ಎತ್ತಿ ಗೌರವದಿಂದ ಅವರ ಕೈಗೆ ಕೊಟ್ಟು ಬಾಟಲಿಯ ಬಿರಡೆ ತೆಗೆದೆ.

ಅವರು ಆಗಷ್ಟೇ ತಣ್ಣೀರ ಸ್ನಾನ ಮುಗಿಸಿದ್ದರು. ಹನಿಯನ್ನು ಮೂಸಿ, "ಕೇದಗಿ ಐತಿ. ಅದರ ಹಿಂದ ಮತ್ತೇನೋ ಐತೆಲ್ಲೋ," ಎಂದರು.

"ಅದು ಆಳ ಐತ್ರಿ. ಸಮುದ್ರದ್ದು. ಎಲ್ಲಾರಿಗೂ ಹೊಂದೂ ಅತ್ತರ ಅಲ್ರಿ ಇದು. ಗಂಭೀರ ಸ್ವಭಾವದಾವ್ರಿಗಷ್ಟ."

ತಾತ್ಯಾಸಾಹೇಬರು ಕಿಟಕಿಯ ಕಡೆ ತಿರುಗಿ ಗಡ್ಡ ನೀವಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು: "ಇಷ್ಟ ವರ್ಷ ಆತು, ನನ್ನ ಸ್ವಭಾವ ಒಬ್ಬರಿಗೂ ತಿಳಿದಿದ್ದಿಲ್ಲ ನೋಡು."

ಒಳಗೆ ಅಡುಗೆಯವನು ಕೆಮ್ಮಿದ.

"ಐತವಾರ ಮಧ್ಯಾಹ್ನ ಆಟ ಐತಿ. ಇದನ್ನ ಹಚಿಗೊಂಡ ರಂಗಕ್ಕ ಬರತೇನಿ. ನೀ ಮನಿಯಾವ್ರನ್ನ ಕರಕೊಂಡು ಮುಂದ ಬಂದು ಕುಂದರು."

ಭಾನುವಾರ ಕಾಕಾ ರೇಷ್ಮೆ ಅಂಚಿನ ಉಪರಣೆಯನ್ನು ಹೆಗಲಿಗೆ ಹೊದ್ದು ಬಂದರು. ಅವರನ್ನು ಮುಂದಿನ ಸಾಲಿನಲ್ಲಿ ಕೂಡಿಸಿ, ಪಕ್ಕದಲ್ಲಿ ನಾನು ಕೂತೆ. ಗೌರವ್ವ ಹೆಂಗಸರ ಕಡೆ ಕೂತಳು. ವೈಶಾಖದ ಬಿಸಿಲು, ತಗಡಿನ ಮಾಡು. ಒಳಗೆ ಜನ ಬೀಸಣಿಗೆ ಬೀಸುತ್ತಿದ್ದರು. ಸೆಕೆ ಹೆಚ್ಚಿದಷ್ಟೂ ಅತ್ತರು ಅರಳುತ್ತದೆ ಎಂದು ನಾನು ಕಾಕಾಗೆ ತಿಳಿಸಿದೆ. ಈ ಮಾತು ಶಾಸ್ತ್ರಸಮ್ಮತವಾಗಿತ್ತು.

ತಾತ್ಯಾಸಾಹೇಬರು ಹನಿ ಹಚ್ಚಿಕೊಳ್ಳುವ ಜಾತಿಯವರಲ್ಲ ಎಂಬುದು ನನಗೆ ತಿಳಿದಿರಲಿಲ್ಲ. ಕತ್ತು, ತೋಳು, ಗಡ್ಡ, ಜರಿಯ ಅಂಗಿ, ಎಲ್ಲಕ್ಕೂ ಸುರಿದುಕೊಂಡಿದ್ದರು. ಮೊದಲ ಪ್ರವೇಶದಲ್ಲಿ ಇಡೀ ಥಿಯೇಟರಿನಲ್ಲಿ ಕೇದಗೆ ಹರಡಿತು. ಹಿಂದಿನಿಂದ ಯಾರೋ "ವ್ಹಾ" ಎಂದರು. ನಾನು ಕಾಕಾನ ಕಡೆ ನೋಡಿದೆ. ಕಾಕಾ ಒಮ್ಮೆ ತಲೆ ಆಡಿಸಿದರು. ನನ್ನ ಜೀವನದಲ್ಲಿ ನಾನು ಯಶಸ್ವಿಯಾಗಿದ್ದು ಆ ಒಂದು ಪ್ರವೇಶದ ಹೊತ್ತು.

ಎರಡನೆಯ ಪ್ರವೇಶದಲ್ಲಿ ರಾಜ ಯುದ್ಧ ಮಾಡಿದ. ತುಂಬ ಹೊತ್ತು ಮಾಡಿದ. ಮೈ ಕಾಯಿತು, ಬೆವರು ಇಳಿಯಿತು, ಕೇದಗೆ ಹಾರಿಹೋಯಿತು. ಅದರ ಹಿಂದೆ ನಿಂತಿದ್ದುದು ಮುಂದೆ ಬಂತು.

ಮೊದಲು ಮುಂದಿನ ಸಾಲಿನ ಜನ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಆಮೇಲೆ ಪಕ್ಕದವರ ಚಪ್ಪಲಿ ನೋಡಿದರು. ಒಬ್ಬ ವಕೀಲರು ಕುರ್ಚಿಯ ಕೆಳಗೆ ಬಗ್ಗಿದರು. ಹಿಂದಿನ ಬೆಂಚಿನಿಂದ ಒಂದು ಶಾಂತವಾದ ದನಿ, "ಬೊಂಬಿಲ್," ಎಂದಿತು. ಬೊಂಬಿಲ್ ಎಂದರೆ ಕೊಂಕಣದಿಂದ ಒಣಗಿಸಿ ತರುವ ಮೀನು. ಮೀನು ಮಾಂಸ ಮುಟ್ಟದ ನಮ್ಮಂಥ ಶೈವರ ಮನೆಯಲ್ಲಿ ಆ ಶಬ್ದವನ್ನೂ ಒಳಗೆ ಬಿಡುವುದಿಲ್ಲ.

ಅಷ್ಟರಲ್ಲಿ ಉದ್ಯಾನದ ದೃಶ್ಯ ಬಂತು. ರಾಣಿ ಪಾತ್ರದ ತರುಣ ಬೆನ್ನು ತಿರುಗಿಸಿ ನಿಂತು ಹೂ ಕೀಳುತ್ತಿದ್ದ. ರಾಜ ಹತ್ತಿರ ಬಂದ. ತರುಣನಿಗೆ ಬರೆದುಕೊಟ್ಟ ಮಾತು ಒಂದೇ ಇತ್ತು, ಬಡಪಾಯಿ ಅದನ್ನೇ ಹೇಳಿದ: "ಮಹಾರಾಜ, ನೀವು ಬಂದಿರೆಂದು ಗಾಳಿಯೇ ನನಗೆ ಮೊದಲು ತಿಳಿಸಿತು."

ಥಿಯೇಟರು ಕುಸಿಯುವಂತೆ ನಕ್ಕಿತು. ರಾಜ ಆಲಿಂಗನಕ್ಕೆ ಮುಂದೆ ಬಂದ, ರಾಣಿ ಕಾರಂಜಿಯ ಸುತ್ತ ಹಿಂದೆ ಸರಿದಳು. ರಾಜ ಬಳಸಿಕೊಂಡು ಬಂದ, ರಾಣಿ ಇನ್ನೊಂದು ಸುತ್ತು ಹಾಕಿದಳು. ಪರದೆಯ ಬದಿಯಿಂದ ಒಂದು ಬೆಕ್ಕು ಬಂದು ರಾಜನ ಪಾದದ ಬಳಿ ಕೂತಿತು. ಅದು ನಾಟಕದಲ್ಲಿರಲಿಲ್ಲ.

ಆಗ ತಾತ್ಯಾಸಾಹೇಬರು ತಮ್ಮ ದೊಡ್ಡತನ ತೋರಿಸಿದರು. ಕೈಯೆತ್ತಿ ಜನರನ್ನು ಸುಮ್ಮನಾಗಿಸಿ, "ದೇವಿ, ದೂರ ಸರಿಯಬೇಡ. ಕೊಂಕಣವನ್ನು ಗೆದ್ದು ನೇರವಾಗಿ ನಿನ್ನ ಬಳಿ ಬಂದಿದ್ದೇನೆ. ಸಮುದ್ರ ಇನ್ನೂ ನನ್ನ ಮೈ ಬಿಟ್ಟಿಲ್ಲ," ಎಂದರು. ಚಪ್ಪಾಳೆಯೋ ಚಪ್ಪಾಳೆ.

"ನೋಡ್ರಿ ಕಾಕಾ, ಗಂಭೀರ ಸ್ವಭಾವ," ಎಂದೆ. ಕಾಕಾ ಉಪರಣೆಯಿಂದ ಮೂಗು ಬಾಯಿ ಎರಡನ್ನೂ ಮುಚ್ಚಿಕೊಂಡಿದ್ದರಿಂದ ಉತ್ತರ ಕೊಡಲಾಗಲಿಲ್ಲ.

ಚಪ್ಪಾಳೆ ನಿಂತ ಮೇಲೆ ಅದೇ ಹಿಂದಿನ ಬೆಂಚಿನ ದನಿ, "ಹಾಗಾದರೆ ಸ್ನಾನ ಮಾಡಿ ಬನ್ನಿ ಮಹಾರಾಜ, ನಾವು ಕಾಯುತ್ತೇವೆ," ಎಂದಿತು. ಪರದೆ ಬಿತ್ತು.

ನಾನು ಅಭಿನಂದಿಸಲು ಒಳಗೆ ಹೋದೆ. ಇಂಥ ಹೊತ್ತಿನಲ್ಲಿ ಹೋಗಬಾರದೆಂದು ಈಗ ತಿಳಿಯುತ್ತದೆ. "ನನ್ನ ಸ್ವಭಾವ ಗುರ್ತ ಹಿಡದಾವ ಎಲ್ಲಿದಾನ?" ಎಂಬ ಗರ್ಜನೆ ಕೇಳಿತು. ಮೊದಲು ಕಿರೀಟ ಬಂತು. ಅದು ರಟ್ಟಿನದು, ಪೆಟ್ಟಾಗಲಿಲ್ಲ. ಆಮೇಲೆ ಕಟ್ಟಿಗೆಯ ಕತ್ತಿ ಬಂತು. ಕೊನೆಗೆ ಉಳಿದ ಅತ್ತರಿನ ಬಾಟಲಿಯೇ ಬಂದು ನನ್ನ ಎದೆಯ ಮೇಲೆ ಒಡೆಯಿತು. ಅಡುಗೆಯವನಂತೆ ತಲೆ ತಗ್ಗಿಸುವ ಅಭ್ಯಾಸ ನನಗಿರಲಿಲ್ಲ.

ಸಾಂಗಲಿಯಿಂದ ಮಿರಜಕ್ಕೆ ಬರುವ ರೈಲಿನಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಅಂದು ನಮ್ಮ ಡಬ್ಬಿಯಲ್ಲಿ ಕಾಕಾ ಕಾಲು ಚಾಚಿ ಕೂತರು. ಗೌರವ್ವ ಹೆಂಗಸರ ಡಬ್ಬಿಯಲ್ಲಿದ್ದಳು. ಇಳಿದ ಮೇಲೆ ನಮ್ಮ ಪರಿಚಯವಿಲ್ಲದವಳಂತೆ ಬಹಳ ಮುಂದೆ ನಡೆದಳು.

ಮನೆಗೆ ಬಂದು ಅವಳು ಮಾಡಿದ ಮೊದಲ ಕೆಲಸವೆಂದರೆ ಭರಣಿಯನ್ನು ಹಿತ್ತಲಲ್ಲಿ ಬೋರಲು ಹಾಕಿದ್ದು. ಕಡ್ಡಿಯಿಂದ ಪಾಚಿಯನ್ನು ಕೆದಕಿ ನನ್ನನ್ನು ಕರೆದಳು.

"ಈ ಪಾಚಿಗೆ ಕಣ್ಣ ಅದಾವಲ್ರಿ."

ಬಗ್ಗಿ ನೋಡಿದೆ. ಕಣ್ಣಷ್ಟೇ ಅಲ್ಲ, ಮೀಸೆಯೂ ಇತ್ತು. ದಂಡೆಯ ಪಾಚಿಯಲ್ಲಿ ಸಣ್ಣ ಸಿಗಡಿಗಳು ಮನೆಮಾಡಿಕೊಂಡಿದ್ದವು. ನಾನು ಅವನ್ನೂ ಸೇರಿಸಿ ಒಣಗಿಸಿ ಗಂಧದೆಣ್ಣೆಯಲ್ಲಿ ನೆನೆಹಾಕಿದ್ದೆ. ಕಾಕಾ ಅದನ್ನು ನೋಡಿದರು, ತಮ್ಮ ಮುಂಗೈ ನೋಡಿಕೊಂಡರು, ಬಾವಿಯ ಕಡೆ ನಡೆದರು. ಮನೆ, ಅಂಗಡಿ, ಧೋತರ, ಎಲ್ಲವನ್ನೂ ತೊಳೆಯಲಾಯಿತು. ಕಾಕಾ ನನಗೆ ಬೈಯಲಿಲ್ಲ. "ಸಲಗರಿ," ಎಂದಷ್ಟೇ ಹೇಳಿದರು.

ಗಾಡಿ ಹೂಡಿದ ಬೆಳಿಗ್ಗೆ ಅಂಗಡಿಯ ಮುಂದೆ ಒಬ್ಬ ತರುಣ ಬಂದು ನಿಂತ. ಕೊಂಕಣದ ಮಾಲವಣ ಕಡೆಯವನು, ಮಿರಜದ ಸ್ಟೇಷನ್ನಿನಲ್ಲಿ ಹೊಸದಾಗಿ ಕಾರಕೂನನಾಗಿ ಬಂದಿದ್ದ. ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ, ನಾಟಕದ ರಾಜ ಹಚ್ಚಿಕೊಂಡ ಅತ್ತರು ಇಲ್ಲಿಯದೇ ಏನು ಎಂದು ಕೇಳಿದ. ಆ ದನಿ ನನಗೆ ಗುರುತು ಸಿಕ್ಕಿತು. ಹಿಂದಿನ ಬೆಂಚಿನದು.

ಕಪಾಟಿನ ಮೂಲೆಯಲ್ಲಿ ಒಂದು ಚಿಕ್ಕ ಶೀಶೆ ತೊಳೆಯುವವರ ಕಣ್ಣು ತಪ್ಪಿಸಿ ಉಳಿದಿತ್ತು. ಬಿರಡೆ ತೆಗೆದು ಅವನಿಗೆ ಕೊಟ್ಟೆ. ಕೇದಗೆ ಬೆರೆಸುವ ಮೊದಲೇ ತುಂಬಿಟ್ಟಿದ್ದ ಶೀಶೆ ಅದು. ಕೇದಗೆಯ ಸುಳಿವೇ ಇರಲಿಲ್ಲ. ಅವನು ಕಣ್ಣು ಮುಚ್ಚಿ ಉಸಿರೆಳೆದ. ತೆರೆದಾಗ ಕಣ್ಣು ತುಂಬಿದ್ದವು.

ನನ್ನ ಎದೆ ಉಬ್ಬಿತು. ಕಾಕಾ ಕೇಳಲಿ ಎಂದು ಜೋರಾಗಿ ಕೇಳಿದೆ: "ಎದಕ್ಕ ಹಚಿಗೋತೀರಿ? ಅಂಗಿಗೋ ಮೈಗೋ?"

"ಹಚ್ಚಾಕಲ್ರಿ," ಎಂದ ಅವನು ಸಂಕೋಚದಿಂದ. "ನಾನು ಇರೋ ಮನಿ ಮಾಲಕರು ನಿಮ್ಮಂಥಾವ್ರು. ಮೀನದ ಹೆಸರ ಎತ್ತಾಂಗಿಲ್ಲ. ದಿನಾ ಬ್ಯಾಳಿ ಸಾರು, ಅನ್ನ. ಇದನ್ನ ತಾಟಿನ ಮಗ್ಗಲಕ್ಕ ಬಿಚ್ಚಿ ಇಟಗೊಂಡ್ರ ಎರಡ ತುತ್ತ ಹೆಚ್ಚಿಗೆ ಹೋಗತಾವ್ರಿ."

ಕಾಕಾ ಅವನಿಂದ ಏನೂ ತೆಗೆದುಕೊಳ್ಳಲಿಲ್ಲ. ಬೇಗ ಹೋಗಿಬಿಡ್ರಿ ಎಂದು ಕೈಮುಗಿದರು.

ಗಾಡಿ ಊರ ಹೊರಗೆ ಬಂದ ಮೇಲೆ ಗೌರವ್ವ ಗಂಟಿನ ಮೇಲೆ ಒರಗಿ ಕೂತಳು.

"ಏನರ ಅನ್ರಿ, ನಿಮ್ಮ ಅತ್ತರಕ್ಕ ತಕ್ಕ ಮನುಷ್ಯಾ ಒಬ್ಬ ಸಿಕ್ಕ ನೋಡ್ರಿ."

"ಗಂಭೀರ ಸ್ವಭಾವದಾವ ಅಂತೀಯೇನು?" ಎಂದು ಆಸೆಯಿಂದ ಕೇಳಿದೆ.

"ಅಲ್ರಿ. ಹಸದಾವ."

ವಾದಿಸುವ ಹಾಗಿರಲಿಲ್ಲ. ಸಲಗರೆ ಇನ್ನೂ ದೂರವಿತ್ತು, ಬುತ್ತಿಯ ಗಂಟು ಅವಳ ಕೈಯಲ್ಲಿತ್ತು, ಮತ್ತು ನನಗೆ ವಿಪರೀತ ಹಸಿವಾಗಿತ್ತು.